ಕೆಂಪು 800ರ ಜೊತೆ ನಾಲ್ಕು ದಿನ

ಮೇಷ್ಟ್ರು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಅದು ಕೆಂಪು ಗಾಡಿ ಅಂತ ನನಗೆ ಹೊಳೆಯಲೇ ಇಲ್ಲ. ಬಾನೆಟ್ಟು, ರೂಫು ಎರಡೂ ಬಿಸಿಲಿಗೆ ಬೆಂದು ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಬೆರಳಲ್ಲಿ ಸವರಿದರೆ ಸೀಮೆಸುಣ್ಣದ ಪುಡಿ ಥರ ಕೈಗೆ ಬಂತು. 1994ರ ಮಾರುತಿ 800, ಕೆಎ 11 ನಂಬರು. ಮೇಷ್ಟ್ರು ನಿವೃತ್ತರಾಗಿ ಪಾಂಡವಪುರದ ಕಡೆ ಊರಲ್ಲೇ ಇದ್ದಾರೆ. ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿಕೊಂಡಿದ್ದರು. ಗಾಡಿ ಓಡೋಕೆ ಏನೂ ತೊಂದರೆ ಇರಲಿಲ್ಲ. ನೋಡೋಕೆ ಮಾತ್ರ ಬೇಜಾರು.

"ಪೇಂಟ್ ಹೊಡಿಯೋನು 45 ಸಾವಿರ ಕೇಳ್ತಾವ್ನೆ ಕಣಪ್ಪ. ನೀನು ಪಾಲಿಶ್ ಮಾಡ್ತೀಯಂತಲ್ಲ, ಏನಾದ್ರೂ ಆಗ್ತದ ನೋಡು" ಅಂದರು.

ಇಂಥ ಗಾಡಿ ಬಂದಾಗ ನಾನು ಮೊದಲು ಕೈಗೆ ತಗೊಳ್ಳೋದು ಪಾಲಿಶ್ ಮಷೀನನ್ನಲ್ಲ, ಪೇಂಟಿನ ದಪ್ಪ ಅಳೆಯೋ ಮೀಟರನ್ನು. ತಗಡಿನ ಮೇಲೆ ಒತ್ತಿದರೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಂತ ತೋರಿಸುತ್ತದೆ. ರೂಫ್ 85, ಬಾನೆಟ್ 78. ಎಡಗಡೆ ಮುಂದಿನ ಡೋರ್ 240. ಅಂದರೆ ಯಾವತ್ತೋ ಒಂದು ಸಲ ಮೇಲೆ ಪೇಂಟ್ ಹೊಡೆದಿದ್ದಾರೆ. ಅದರ ಪಕ್ಕದ ಮಡ್‌ಗಾರ್ಡ್ 700 ದಾಟಿತು, ಒಳಗೆ ಪುಟ್ಟಿ ಇದೆ. ಕೇಳಿದೆ. "ಹೂಂ, ಎತ್ತಿನ ಗಾಡಿ ಮೂಕಿ ತಾಕಿತ್ತು" ಅಂತ ನಕ್ಕರು. ಮಿಕ್ಕಿದ್ದೆಲ್ಲ ಫ್ಯಾಕ್ಟರಿಯ ಬಣ್ಣವೇ. ಅದನ್ನು ಬರೀ ತಗಡಿನ ಬಾಡಿಗೆ ಹೊಡೆದು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ. ವೈರು, ರಬ್ಬರು, ಸೀಟು ಎಲ್ಲಾ ಇರೋ ಗಾಡಿಯನ್ನು ಅಷ್ಟು ಬೇಯಿಸೋಕಾಗಲ್ಲ. ಪೇಂಟ್ ಹೊಡೆಯೋ ಒಳ್ಳೆ ಬೂತಲ್ಲೂ 60 ಡಿಗ್ರಿ ಆಸುಪಾಸು. ಅದಕ್ಕೇ ಹಳೆ ಬಣ್ಣ ಉಳಿಯೋ ಹಾಗಿದ್ದರೆ ಉಳಿಸೋಣ ಅಂತ ನನ್ನ ಹಟ. ನನಗೆ ಕೆಲಸ ಸಿಗಲಿ ಅಂತ ಹೇಳ್ತಿಲ್ಲ. ಬಣ್ಣವೇ ಎದ್ದು ಬರ್ತಿದ್ದರೆ ನಾನೇ ಪೇಂಟರ್ ಹತ್ತಿರ ಕಳಿಸ್ತೀನಿ.

ಮೊದಲ ದಿನವೆಲ್ಲ ತೊಳೆಯೋದಕ್ಕೇ ಹೋಯಿತು. ಅವರ ಮನೆ ಆಲೆಮನೆ ಪಕ್ಕ. ಕಬ್ಬಿನ ಸಿಪ್ಪೆ ಉರಿಸಿದ ಕರಿ ಹಾರಿಬಂದು ಗಾಡಿ ಮೇಲೆ ಕೂರುತ್ತದೆ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸಿದ್ದಾರೆ, ಅದೂ 30 ವರ್ಷ. ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬಾ ಜೇಡರ ಬಲೆ ಥರ ಗೀರು. ಜನ ಗಾಡಿಯನ್ನು ಹಾಳು ಮಾಡೋದು ಹೀಗೇ, ಪ್ರೀತಿಯಿಂದ. ಶಾಂಪೂ ನೊರೆ ಹಾಕಿ ನೆನೆಯೋಕೆ ಬಿಟ್ಟೆ. ಒಂದು ಬಕೆಟ್ಟಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಎರಡನೇ ಬಕೆಟ್ಟಿನ ತಳದಲ್ಲಿ ನಿಂತ ಮರಳನ್ನು ಮೇಷ್ಟ್ರಿಗೆ ತೋರಿಸಿದೆ. ಆಮೇಲೆ ಕ್ಲೇ. ನೋಡೋಕೆ ಚಪಾತಿ ಹಿಟ್ಟಿನ ಉಂಡೆ ಥರ ಇರುತ್ತದೆ. ನೀರು ಚಿಮುಕಿಸಿಕೊಂಡು ಮೆಲ್ಲಗೆ ಉಜ್ಜಿದರೆ ಬಣ್ಣದೊಳಗೆ ಕಚ್ಚಿಕೊಂಡಿದ್ದ ಕರಿ, ಕಬ್ಬಿಣದ ಪುಡಿ ಎಲ್ಲಾ ಅದಕ್ಕೆ ಅಂಟಿಕೊಂಡು ಬರುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಒಂದು ನಿಮಿಷದೊಳಗೆ ತೊಳೆದುಬಿಟ್ಟೆ.

ಈಗ ಮುಖ್ಯವಾದ ಪರೀಕ್ಷೆ. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಡೋರಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಉಜ್ಜಿದೆ. ಬಟ್ಟೆ ಕೆಂಪಾಯಿತು. ಅಂದರೆ ಸಿಂಗಲ್ ಸ್ಟೇಜ್ ಪೇಂಟು, ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇಲ್ಲ. ಉಜ್ಜಿದಷ್ಟೂ ಸವೆಯೋದು ಬಣ್ಣವೇ. ಹೊಸ ಗಾಡಿಗಳಲ್ಲಿ ಬಟ್ಟೆಗೆ ಬಣ್ಣ ಹತ್ತಿದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ಖುಷಿಯಾಯಿತು. ಯಾಕಂದರೆ ಕ್ಲಿಯರ್ ಕೋಟ್ ಸತ್ತು ಸಿಪ್ಪೆ ಏಳೋಕೆ ಶುರುವಾದರೆ ಯಾವ ಪಾಲಿಶಿಗೂ ಅದು ಬದುಕಲ್ಲ. ಸಿಂಗಲ್ ಸ್ಟೇಜಿನಲ್ಲಿ ಮೇಲಿನ ಸತ್ತ ಪದರ ತೆಗೆದರೆ ಕೆಳಗೆ ಜೀವಂತ ಬಣ್ಣ ಸಿಗುತ್ತದೆ.

ಆ ಬಣ್ಣ ಹೇಗಿತ್ತು ಅಂತ ತಿಳಿಯೋಕೆ ಪೆಟ್ರೋಲ್ ಮುಚ್ಚಳದ ಒಳಭಾಗ ನೋಡಬೇಕು. ಬಿಸಿಲು ತಾಗದ ಜಾಗ ಅದು. ಈ ಗಾಡಿಯಲ್ಲಿ ಇನ್ನೊಂದು ಗುರುತೂ ಇತ್ತು. ಡಿಕ್ಕಿ ಬಾಗಿಲಿನ ಮೇಲೆ 'ತಾಯಿಯ ಆಶೀರ್ವಾದ' ಅಂತ ಹಳೆ ಸ್ಟಿಕ್ಕರ್. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಉಗುರಲ್ಲಿ ಎಬ್ಬಿಸಿದೆ. ಅಕ್ಷರ ಹೋಯಿತು, ಅಕ್ಷರದ ಜಾಗದಲ್ಲಿ ಹಣ್ಣು ಮೆಣಸಿನಕಾಯಿಯ ಕೆಂಪು ಹಾಗೇ ಉಳಿದಿತ್ತು. ಸುತ್ತಲೂ ಗುಲಾಬಿ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇದೇ ನೋಡಪ್ಪ ನಾನು ತಂದಾಗ ಇದ್ದ ಬಣ್ಣ" ಅಂದರು.

ಎರಡನೇ ದಿನ ಮಷೀನ್ ಮುಟ್ಟಲೇ ಇಲ್ಲ. ಬೇರೆಯವರ ಹತ್ತಿರ ಇಂಥ ಗಾಡಿ ಹೋದರೆ ಮೊದಲು ರಬ್ಬಿಂಗ್ ಕಾಂಪೌಂಡ್ ಅನ್ನೋ ಒರಟು ಪೇಸ್ಟ್ ಹಾಕಿ ರೋಟರಿ ಮಷೀನ್ ಓಡಿಸುತ್ತಾರೆ. ಒಣಗಿದ ಬಣ್ಣ ಅದು, ಪುಡಿಪುಡಿಯಾಗಿ ಹೋಗುತ್ತದೆ. ನಾನು ಮಾಡೋದು ಹೀಗೆ: ಎಣ್ಣೆ ಅಂಶ ಜಾಸ್ತಿ ಇರೋ ಗ್ಲೇಜನ್ನು ಟರ್ಕಿ ಟವೆಲ್ ತುಂಡಿಗೆ ಧಾರಾಳವಾಗಿ ಹಾಕಿ, ಕೈಯಲ್ಲೇ ಒಂದೊಂದು ಪ್ಯಾನೆಲ್ ಉಜ್ಜೋದು. ಮಗುವಿಗೆ ಎಣ್ಣೆ ನೀವಿದ ಹಾಗೆ ಅಂದುಕೊಳ್ಳಿ, ಸ್ವಲ್ಪ ಜೋರಾಗಿ. ಟವೆಲ್ ರಕ್ತ ಒರೆಸಿದಂತೆ ಕೆಂಪಾಗುತ್ತದೆ. ಅದು ಸತ್ತ ಪದರ, ಹೆದರಬೇಕಿಲ್ಲ. ಆಮೇಲೆ ಇನ್ನೊಂದು ದಪ್ಪ ಕೈ ಹಚ್ಚಿ ರಾತ್ರಿಯೆಲ್ಲಾ ಹಾಗೇ ಬಿಡಬೇಕು. ಬೆಳಿಗ್ಗೆ ಬಂದು ಒರೆಸಿದೆ. ಬಾನೆಟ್ ಒಂದೇ ರಾತ್ರಿಯಲ್ಲಿ ಎರಡು ಛಾಯೆ ಕಪ್ಪೇರಿತ್ತು. ಮಳೆ ಬಿದ್ದ ಮೇಲೆ ಕೆಮ್ಮಣ್ಣು ಬಣ್ಣ ಬಿಡುತ್ತಲ್ಲ, ಹಾಗೆ. ರೂಫಿಗೆ ಸಾಲಲಿಲ್ಲ, ಇನ್ನೊಂದು ರಾತ್ರಿ ಬೇಕಾಯಿತು.

ಮೂರನೇ ದಿನ ಡಿಎ ಮಷೀನ್ (ಪ್ಯಾಡ್ ತಿರುಗುತ್ತಲೇ ಅಲುಗಾಡೋ ಪಾಲಿಶ್ ಮಷೀನ್), ಮೆತ್ತನೆ ಫೋಮ್ ಪ್ಯಾಡ್, ನಯವಾದ ಪಾಲಿಶ್. ಬಾನೆಟ್ಟಿನ ಮಧ್ಯೆ ಟೇಪ್ ಅಂಟಿಸಿ ಒಂದು ಅರ್ಧ ಮಾತ್ರ ಮಾಡಿದೆ. ಟೇಪ್ ಕಿತ್ತಾಗ ಎರಡು ಬೇರೆ ಗಾಡಿ ಅಂಟಿಸಿದ ಹಾಗಿತ್ತು. ಒಂದೊಂದು ಸುತ್ತು ಪಾಲಿಶಿಗೆ ಎರಡು ಮೂರು ಮೈಕ್ರಾನ್ ಸವೆಯಬಹುದು, ಅದಕ್ಕೇ ಮಧ್ಯೆ ಮಧ್ಯೆ ಮೀಟರ್ ಇಡ್ತಾ ಇದ್ದೆ. ಇಷ್ಟೆಲ್ಲಾ ಜಾಣತನ ತೋರಿಸಿದವನು ಸಂಜೆ ಹೊತ್ತಿಗೆ ಎಡವಿದೆ.

ಬಾನೆಟ್ಟಿನ ಏಣುಗಳಿಗೆ ಟೇಪ್ ಹಾಕಿದ್ದೆ. ಏಣಿನ ಮೇಲೆ ಬಣ್ಣ ಯಾವಾಗಲೂ ತೆಳು. ಕೊನೆಗೆ ಎಲ್ಲಾ ಒಂದೇ ಸಮ ಕಾಣಲಿ ಅಂತ ಟೇಪ್ ತೆಗೆದು 'ಸುಮ್ನೆ ಒಂದು ಸಲ' ಮಷೀನ್ ಎಳೆದೆ. ಪ್ಯಾಡ್ ಎತ್ತಿದಾಗ ಬಲಗಡೆ ಏಣಿನ ಮೇಲೆ ಬೂದು ಗೆರೆ. ದಾರದಷ್ಟು ಸಣ್ಣದು, ಎರಡು ಇಂಚು ಉದ್ದ. ಬಣ್ಣದ ಕೆಳಗಿನ ಪ್ರೈಮರ್ ಕಾಣಿಸ್ತಾ ಇತ್ತು. ಹನ್ನೆರಡು ವರ್ಷದ ಅನುಭವ ಇಟ್ಟುಕೊಂಡು ಹೊಸ ಹುಡುಗರು ಮಾಡೋ ತಪ್ಪು ಮಾಡಿದ್ದೆ. ಐದು ನಿಮಿಷ ಸ್ಟೂಲ್ ಮೇಲೆ ಕೂತೇ ಇದ್ದೆ.

ಮುಚ್ಚಿಡಬಹುದಿತ್ತು. ಕೆಂಪು ವ್ಯಾಕ್ಸ್ ತುಂಬಿದರೆ ಒಂದು ತಿಂಗಳು ಕಾಣಲ್ಲ. ಫೋನ್ ಮಾಡಿ ಹೇಳಿಬಿಟ್ಟೆ. ಬೆಳಿಗ್ಗೆ ಪೇಂಟ್ ಅಂಗಡಿಗೆ ಹೋದೆ. ಕಂಪ್ಯೂಟರ್ ಕೋಡ್ ಹಾಕಿ ಬೆರೆಸಿದರೆ 1994ರ ಹೊಸ ಕೆಂಪು ಬರುತ್ತದೆ, ನಮ್ಮ ಗಾಡಿಯದು 30 ವರ್ಷ ಬಿಸಿಲು ಕುಡಿದ ಕೆಂಪು. ಚೂರು ಚೂರು ಬಿಳಿ, ಹಳದಿ ಸೇರಿಸಿ ಮೂರನೇ ಸಲಕ್ಕೆ ಹೊಂದಿತು. ತೆಳು ಬ್ರಷ್ಷಲ್ಲಿ ಎರಡು ಕೋಟ್ ಎಳೆದು, ಚೆನ್ನಾಗಿ ಒಣಗಿದ ಮೇಲೆ 3000 ನಂಬರ್ ವಾಟರ್ ಪೇಪರ್ ಅನ್ನೋ ನಯವಾದ ಉಪ್ಪುಕಾಗದದಲ್ಲಿ ಸಮ ಮಾಡಿದೆ. ಮೇಷ್ಟ್ರು ಬಂದು ಹುಡುಕಿದರು, ಸಿಗಲಿಲ್ಲ. ನಾನೇ ಬೆರಳಿಟ್ಟು ತೋರಿಸಿದೆ. "ನಾನು ಪೇಪರ್ ತಿದ್ದುವಾಗ ಇದಕ್ಕಿಂತ ದೊಡ್ಡ ತಪ್ಪು ಬುಟ್ಟಿದೀನಿ ಕಣಪ್ಪ" ಅಂದರು. ಆದರೂ ಲೆಕ್ಕದಲ್ಲಿ ಒಂದು ಸಾವಿರ ಕಡಿಮೆ ತಗೊಂಡೆ.

ಡೋರುಗಳ ಕೆಳ ಅಂಚಲ್ಲಿ ನೀರು ಬಸಿಯೋ ತೂತುಗಳು ಮಣ್ಣಿಂದ ಮುಚ್ಚಿಹೋಗಿದ್ದವು. ಒಂದು ಕಡೆ ಗುಳ್ಳೆ ಎದ್ದಿತ್ತು. ಕೆರೆದರೆ ಒಳಗೆ ತುಕ್ಕು. ವೈರ್ ಬ್ರಷ್, ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸೋ ಕನ್ವರ್ಟರ್, ಪ್ರೈಮರ್, ಬಣ್ಣ. ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿದೆ. ನಿಮ್ಮದೂ ಹಳೆ ಗಾಡಿ ಆಗಿದ್ದರೆ ಇವತ್ತೇ ಬಗ್ಗಿ ನೋಡಿ. ಒಳಗಡೆ ಹೇಳುವಂಥದ್ದು ಜಾಸ್ತಿ ಇಲ್ಲ. ಸೀಟಿನ ಕೆಳಗೆ ಇಲಿ ಗೂಡು, ನಾಲ್ಕು ಸೀಮೆಸುಣ್ಣ, ಒಂದು ಕೆಂಪು ಪೆನ್ನು. ಬಿರುಕು ಬಿಟ್ಟ ಡ್ಯಾಶ್‌ಬೋರ್ಡ್ ಸರಿ ಹೋಗಲ್ಲ ಅಂತ ಮೊದಲೇ ಹೇಳಿದ್ದೆ. ಟೈರಿಗೆ ಎಣ್ಣೆ ಹಚ್ಚಿ ಮಿರಮಿರ ಮಾಡೋದು ನನಗೆ ಆಗಿಬರಲ್ಲ. ಧೂಳೆಲ್ಲಾ ಅಂಟುತ್ತದೆ.

ಮೇಷ್ಟ್ರ ಮಗ ಬೆಂಗಳೂರಿಂದ ಫೋನ್ ಮಾಡಿ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಾಕೋ ಗಟ್ಟಿ ರಕ್ಷಣೆಯ ಪದರ) ಹಾಕಿಸಿ ಅಂದರಂತೆ. ಬೇಡ ಅಂದೆ. ಸೆರಾಮಿಕ್ ಹಿಡಿಯಬೇಕಾದರೆ ಮೇಲ್ಮೈಯಲ್ಲಿ ಎಣ್ಣೆಯ ಪಸೆ ಇರಬಾರದು. ಎರಡು ರಾತ್ರಿ ಕುಡಿಸಿದ ಎಣ್ಣೆಯನ್ನು ಆಲ್ಕೋಹಾಲ್ ಹಾಕಿ ಒರೆಸಿ ತೆಗೆಯೋದಾದರೆ ಕುಡಿಸಿದ್ದು ಯಾಕೆ, ಅಲ್ವಾ? ಕಾರ್ನುಬಾ ವ್ಯಾಕ್ಸ್ (ತಾಳೆ ಜಾತಿಯ ಮರದ ಎಲೆಯ ಮೇಣ) ಹಾಕಿ, ಮೂರು ತಿಂಗಳಿಗೊಮ್ಮೆ ನೀವೇ ಹಚ್ಚಿಕೊಳ್ಳಿ ಅಂತ ಡಬ್ಬಿ ಕೊಟ್ಟೆ.

ಡಿಕ್ಕಿ ಮೇಲಿನ ಅಕ್ಷರ ಮಾತ್ರ ಪೂರ್ತಿ ಹೋಗಲಿಲ್ಲ. ನೇರ ನೋಡಿದರೆ ಏನಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ 'ತಾಯಿಯ' ಅನ್ನೋದು ನೀರಿನ ಗುರುತಿನ ಹಾಗೆ ಮೇಲೇಳುತ್ತದೆ. ಇನ್ನೂ ಉಜ್ಜಿದರೆ ಹೋಗುತ್ತದೆ, ಆದರೆ ಅಲ್ಲಿ ಉಳಿದಿರೋ ಬಣ್ಣ ಕಮ್ಮಿ. ಮೇಷ್ಟ್ರು "ಇರ್ಲಿ ಬುಡು" ಅಂದರು.

ಕೊಡುವಾಗ ಒಂದೇ ಷರತ್ತು ಹಾಕಿದ್ದೆ, ಒಣ ಬಟ್ಟೆ ಮುಟ್ಟಬಾರದು. ಆಯುಧ ಪೂಜೆ ದಿನ ಬೆಳಿಗ್ಗೆ ಏಳಕ್ಕೇ ಫೋನ್ ಬಂತು.

"ಅಲ್ಲಪ್ಪ, ಕುಂಕುಮ ಎಲ್ಲಿಗೆ ಹಚ್ಚಲಿ?"

ಅರಿಶಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಕುಂಕುಮವನ್ನು ಉಜ್ಜಿ ತೆಗೆಯುವಾಗ ಗೀರು ಬೀಳುತ್ತದೆ, ನಿಂಬೆರಸ ಬಣ್ಣಕ್ಕೆ ಒಳ್ಳೇದಲ್ಲ ಅಂತೆಲ್ಲಾ ಹೇಳಿ, "ಗಾಜಿಗೆ ಹಚ್ಚಿಬಿಡಿ ಮೇಷ್ಟ್ರೇ" ಅಂದೆ.

ಆ ಕಡೆ ಅವರ ಮನೆಯವರು ಏನೋ ಅಂದಿದ್ದು ಕೇಳಿಸಿತು. ಮೇಷ್ಟ್ರು ದನಿ ತಗ್ಗಿಸಿ, "ಆಗ್ಲೇ ಬಾನೆಟ್ಟಿಗೆ ಹಚ್ಬುಟ್ಟವ್ಳೆ ಕಣಪ್ಪ. ನಾಳಿಕ್ಕೆ ಹೆಂಗ್ ತೊಳಿಬೇಕು, ಅದನ್ನ ಹೇಳು" ಅಂದರು.