ಕಾರ್ಬನ್ ಫೈಬರ್ ಗಿಟಾರ್ ನೆಕ್ ರಿಪೇರಿ: ನನ್ನ ಅನುಭವ

ಗಿಟಾರಿನ ನೆಕ್ (ತಂತಿಗಳು ಹಾಯುವ ಉದ್ದನೆಯ ಕುತ್ತಿಗೆ ಭಾಗ) ಮರದ್ದಾಗಿದ್ದು ಮುರಿದರೆ ಬಿರುಕಿಗೆ ಗೋಂದು ಇಳಿಸಿ, ಕ್ಲ್ಯಾಂಪ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನನ್ನ ಕೈಗೆ ಬಂದದ್ದು ಗೆಳೆಯನ ಎಲೆಕ್ಟ್ರಿಕ್ ಗಿಟಾರ್, ಅದರ ನೆಕ್ ಕಾರ್ಬನ್ ಫೈಬರ್‌ದು. ಸ್ಟ್ಯಾಂಡ್‌ನಿಂದ ಬಿದ್ದು ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಹಿಂದೆ ಬಿರುಕು ಬಿಟ್ಟಿತ್ತು. ಇದಕ್ಕೆ ಮರದ ಗೋಂದು ಹಿಡಿಯುವುದಿಲ್ಲ, ಬರೀ ಎಪಾಕ್ಸಿ (ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು) ತುಂಬಿದರೂ ಸಾಲದು. ಈ ನೆಕ್‌ನ ಬಲವೆಲ್ಲ ಉದ್ದಕ್ಕೆ ಓಡುವ ಕಾರ್ಬನ್ ಎಳೆಗಳಲ್ಲಿದೆ. ಅವು ತುಂಡಾದ ಮೇಲೆ ಹೊಸ ಎಳೆಗಳನ್ನೇ ಬಿರುಕಿನ ಆಚೆ ಈಚೆ ಹಾಯಿಸಬೇಕು, ಯಾಕಂದ್ರೆ 10ರ ಗೇಜ್ (ದಪ್ಪದ ಅಳತೆ) ತಂತಿಗಳೆಲ್ಲ ಸೇರಿ ಸುಮಾರು 45 ಕೆಜಿ ಬಲದಲ್ಲಿ ನೆಕ್ಕನ್ನು ಎಳೆಯುತ್ತಿರುತ್ತವೆ.

ನೆಕ್ ಬೋಲ್ಟ್ ಮೇಲೆ ನಿಂತಿದ್ದರಿಂದ ಬಾಡಿಯಿಂದ ಬಿಚ್ಚಿದೆ. ಇದು ಮುಖ್ಯ. ಕಾರ್ಬನ್ ಧೂಳಿನಲ್ಲಿ ಕರೆಂಟ್ ಹರಿಯುತ್ತದೆ, ಸ್ವಿಚ್ಚು, ಪಿಕಪ್ಪುಗಳೊಳಗೆ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಸೇರಬಾರದು.

ಆಮೇಲೆ ನಾಣ್ಯದಿಂದ ನೆಕ್ ಹಿಂಭಾಗವನ್ನು ಮೆಲ್ಲಗೆ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಸದ್ದು ಟಣ್ ಅನ್ನುತ್ತದೆ, ಒಳಗೆ ಪದರ ಬಿಟ್ಟ ಕಡೆ ಮಂಕಾಗುತ್ತದೆ. ಕಣ್ಣಿಗೆ ಕಂಡ ಬಿರುಕಿಗಿಂತ ಹಾಳಾದ ಜಾಗ ಜಾಸ್ತಿ ಇತ್ತು, ಮೊದಲ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿತ್ತು. ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, 80ರ ಸ್ಯಾಂಡ್‌ಪೇಪರ್‌ನಲ್ಲಿ ನೀರು ಹಾಕಿಕೊಂಡೇ ಉಜ್ಜಿದೆ. ಒಣಗಿದ್ದಾಗ ಉಜ್ಜಬೇಡಿ, ಆ ಕಪ್ಪು ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಗ್ಲೌಸ್ ಬೇಕೇ ಬೇಕು. 1 ಮಿಲಿಮೀಟರ್ ಆಳಕ್ಕೆ 20 ಮಿಲಿಮೀಟರ್ ಉದ್ದದ ಇಳಿಜಾರು ಮಾಡಿದೆ. ಇಳಿಜಾರು ಗಿಡ್ಡವಾದರೆ ಹೊಸ ಪದರ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ. ಹೆಡ್‌ಸ್ಟಾಕ್ (ನೆಕ್‌ನ ತುದಿಯ ತಲೆಭಾಗ) ಕಡೆ ಅಷ್ಟು ಜಾಗವೇ ಇಲ್ಲ, ಅಲ್ವಾ? ಅದಕ್ಕೆ ಹೊಸ ಪದರದ ಕಾರ್ಬನ್ ಬಟ್ಟೆಯನ್ನು ಮೊದಲೆರಡು ಟ್ಯೂನರ್ (ತಂತಿ ಬಿಗಿಯುವ ಕಿವಿ) ತೂತುಗಳ ಮೇಲೂ ಎಳೆದು, ಗಟ್ಟಿಯಾದ ಮೇಲೆ ಮತ್ತೆ ಕೊರೆದೆ.

ಈ ನೆಕ್‌ನಲ್ಲಿ ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡಲು ಒಳಗಿರುವ ಲೋಹದ ಸರಳು) ಇಲ್ಲ. ಬಾಗಿದ ಹಾಗೇ ಗಟ್ಟಿಯಾದರೆ ಆಮೇಲೆ ತಿರುಗಿಸಿ ಸರಿಮಾಡೋಕೆ ಏನೂ ಇರುವುದಿಲ್ಲ. ಹಾಗಾಗಿ ಫ್ರೆಟ್‌ಗಳ ಮೇಲೆ ಉದ್ದನೆಯ ಸ್ಟೀಲ್ ಪಟ್ಟಿ ಇಟ್ಟು ಕ್ಲ್ಯಾಂಪ್ ಬಿಗಿದೆ, ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಡ, ಬಟ್ಟೆ ನೆನೆಯುವ ಮೊದಲೇ ಹೆಪ್ಪುಗಟ್ಟುತ್ತದೆ. ನಿಧಾನದ್ದನ್ನು ತೂಕ ಮಾಡಿ ಕಲಸಿದೆ. ಉದ್ದಕ್ಕೆ ಮಾತ್ರ ಎಳೆ ಇರುವ ಕಾರ್ಬನ್ ಬಟ್ಟೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಪದರ ಪದರವಾಗಿ ಕೂರಿಸಿ, ಕೊನೆಗೆ ನೇಯ್ದ ಬಟ್ಟೆ ಹಾಕಿದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸೈಕಲ್ ಟ್ಯೂಬ್ ಪಟ್ಟಿ ಎಳೆದೆಳೆದು ಸುತ್ತಿದರೆ ಹೆಚ್ಚಿನ ಎಪಾಕ್ಸಿ ಹೊರಗೆ ಬರುತ್ತದೆ.

ಪೂರ್ತಿ ಗಟ್ಟಿಯಾದ ಮೇಲೆ ಮಟ್ಟಕ್ಕೆ ಉಜ್ಜಿ, ಮತ್ತೆ ನಾಣ್ಯ ತಟ್ಟಿ ನೋಡಿದೆ. ಎಲ್ಲ ಕಡೆ ಒಂದೇ ಸದ್ದು. ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದು ಪೂರ್ತಿ ಶ್ರುತಿಗೆ ತಂದೆ. ಗೆಳೆಯ ಕಪ್ಪು ಬಣ್ಣ ಹೊಡಿ ಅಂದ, ನಾನು ಒಪ್ಪಲಿಲ್ಲ. ಬಿಸಿಲಿಗೆ ಎಪಾಕ್ಸಿ ಕೆಡದಂತೆ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಮಾತ್ರ ಕೊಟ್ಟೆ. ಮುಂದೆ ಗೆರೆ ಬಿದ್ದರೂ ಬೇಗ ಕಾಣಬೇಕು.