ಅಂಗಳದಲ್ಲಿ ಸಲ್ಕಾಟಾ ಆಮೆ: ಗುರುತಿಸುವುದು ಹೇಗೆ, ನೆಲೆ ಕಟ್ಟಿಕೊಡುವುದು ಹೇಗೆ?

ಅಂಗೈಯಗಲದ ಮರಿಯಾಗಿ ಮನೆಗೆ ಬಂದ ಆಮೆ ಕೆಲವೇ ವರ್ಷಗಳಲ್ಲಿ ಹೂಕುಂಡಗಳನ್ನು ಉರುಳಿಸುತ್ತ, ಕಾಂಪೌಂಡಿನ ಬುಡ ಕೆರೆಯುತ್ತ ಓಡಾಡತೊಡಗಿದರೆ ಅದು ಬಹುಮಟ್ಟಿಗೆ ಆಫ್ರಿಕದ ಸಲ್ಕಾಟಾ ಆಮೆಯೇ ಆಗಿರುತ್ತದೆ. ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸೆನೆಗಲ್, ಮಾಲಿ, ಚಾಡ್, ಸುಡಾನ್ ಮೊದಲಾದ ಒಣನಾಡುಗಳ ಈ ಪ್ರಾಣಿಯು ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ನೆಲದಾಮೆ. ಗಂಡಿನ ಚಿಪ್ಪು 80 ಸೆಂ.ಮೀ.ವರೆಗೆ ಬೆಳೆಯಬಹುದು, ತೂಕ 50 ಕೆ.ಜಿ. ದಾಟಬಹುದು. ಮಾರುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ.

ಬೇಲಿಯ ಮಾತಿಗೆ ಮೊದಲು ನಿಮ್ಮಲ್ಲಿರುವುದು ಯಾವ ಆಮೆ ಎಂಬುದು ಖಚಿತವಾಗಬೇಕು. ಕಾಲುಗಳಿಂದಲೇ ಆರಂಭಿಸಿ. ಬೆರಳುಗಳ ನಡುವೆ ಪೊರೆಯಿದ್ದು ಪಾದ ಚಪ್ಪಟೆಯಾಗಿದ್ದರೆ ಅದು ನೀರಿನ ಆಮೆ; ಆನೆಯ ಕಾಲಿನಂತೆ ದುಂಡಗೆ ಕಂಬದ ಹಾಗಿದ್ದರೆ ನೆಲದಾಮೆ. ಸಲ್ಕಾಟಾದ ಚಿಪ್ಪು ಒಣಹುಲ್ಲಿನ ಅಥವಾ ಮರಳಿನ ಬಣ್ಣದ್ದು, ಅದರ ಮೇಲೆ ಚುಕ್ಕೆಯಾಗಲಿ ನಕ್ಷತ್ರವಾಗಲಿ ಇರುವುದಿಲ್ಲ. ಪ್ರತಿ ಬಿಲ್ಲೆಯ ಅಂಚಿನಲ್ಲಿ ಕಂದು ಗೆರೆಯಿದ್ದು, ಬೆಳವಣಿಗೆಯ ಉಂಗುರಗಳು ಒಂದರೊಳಗೊಂದು ಕಾಣುತ್ತವೆ. ಅನುಮಾನ ಉಳಿದರೆ ಹಿಂಬದಿಯಿಂದ ನೋಡಿ: ಬಾಲದ ಎರಡೂ ಪಕ್ಕ ತೊಡೆಯ ಮೇಲೆ ಮುಳ್ಳಿನಂತೆ ಎದ್ದು ನಿಂತ ದಪ್ಪ ಶಂಕುಗಳು ಈ ಜಾತಿಯ ಎದ್ದು ಕಾಣುವ ಗುರುತು. ಬಣ್ಣ ಮಾಸಬಹುದು, ಚಿಪ್ಪು ವಿಕಾರವಾಗಬಹುದು, ಆದರೆ ಈ ಶಂಕುಗಳು ಹಾಗೆಯೇ ಇರುತ್ತವೆ. ಹಳದಿ ಚಿಪ್ಪಿನ ಮೇಲೆ ಕಪ್ಪು ಮಚ್ಚೆಗಳಿದ್ದರೆ ಅದು ಆಫ್ರಿಕದ ಚಿರತೆ ಆಮೆ. ಕಪ್ಪು ಬಿಲ್ಲೆಗಳ ನಡುವಿನಿಂದ ಹಳದಿ ಕಿರಣಗಳು ಹೊರಟಂತಿದ್ದರೆ ಅದು ನಮ್ಮದೇ ನೆಲದ ನಕ್ಷತ್ರ ಆಮೆ.

ನಕ್ಷತ್ರ ಆಮೆಯಾಗಿದ್ದರೆ ಈ ಲೇಖನ ನಿಮಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಸಲ್ಕಾಟಾ ವಿದೇಶಿ ಜಾತಿಯಾದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವುದರಿಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಾಯಿಸಬೇಕು. ಸಾಕಲಾಗದೆಂದು ಕೆರೆಗೆ ಬಿಡುವ ಯೋಚನೆಯಂತೂ ಬೇಡ, ಅದಕ್ಕೆ ಈಜು ಬರುವುದಿಲ್ಲ.

ಈಗ ಆವರಣ. ಬೆಳೆದ ಒಂದು ಆಮೆಗೆ ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಜಾಗವಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಟೆರೇಸು, ಬಾಲ್ಕನಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು, ಏಕೆಂದರೆ ಗುದ್ದಾಟದಲ್ಲಿ ಒಂದು ಇನ್ನೊಂದನ್ನು ಮಗುಚಿಹಾಕುತ್ತದೆ, ಬಿಸಿಲಲ್ಲಿ ಅಂಗಾತ ಬಿದ್ದ ಆಮೆ ಬಹಳ ಹೊತ್ತು ಬದುಕುವುದಿಲ್ಲ. ತಂತಿ ಜಾಲರಿಯ ಬೇಲಿ ಇಲ್ಲಿ ನಿಷ್ಪ್ರಯೋಜಕ. ಆಚೆಗಿನ ಹಸಿರು ಕಣ್ಣಿಗೆ ಬೀಳುವಷ್ಟು ಕಾಲವೂ ಆಮೆ ಜಾಲರಿಗೆ ಕತ್ತು ಕೊಟ್ಟು, ಕತ್ತಿನ ಕೆಳಗೆ ಮುಂಚಾಚಿದ ಚಿಪ್ಪಿನ ತುದಿಯಿಂದ ತಳ್ಳುತ್ತ, ಕೊನೆಗೆ ಬುಡವನ್ನೇ ಮೇಲೆತ್ತಿ ನುಸುಳುತ್ತದೆ. ಅದೇ ಆಮೆ ಆಚೆ ಕಾಣಿಸದ ಎರಡಡಿ ಗೋಡೆಯ ಮುಂದೆ ಒಂದೆರಡು ಸಲ ಮೂಸಿ ಸುಮ್ಮನೆ ತಿರುಗಿಬಿಡುತ್ತದೆ. ಬೆಂಗಳೂರು, ಕೋಲಾರದ ಕಡೆ ತೋಟಗಳಿಗೆ ನೆಡುವ ಚಪ್ಪಡಿ ಕಲ್ಲುಗಳಿಗಿಂತ ಒಳ್ಳೆಯ ಬೇಲಿ ನನಗೆ ತಿಳಿದಿಲ್ಲ. ಎರಡಡಿ ನೆಲದೊಳಗೆ, ಎರಡಡಿಯಿಂದ ಎರಡೂವರೆ ಅಡಿ ನೆಲದ ಮೇಲೆ ಬರುವಂತೆ, ನಡುವೆ ಸಂದು ಉಳಿಯದ ಹಾಗೆ ಸಾಲಾಗಿ ಹೂಳಿಸಿ. ಆಮೆ ಮೂಲೆಗಳಲ್ಲೇ ಹೆಚ್ಚಾಗಿ ತೋಡುವುದರಿಂದ ಅಲ್ಲಿ ಇನ್ನೊಂದು ಚಪ್ಪಡಿಯನ್ನು ನೆಲಕ್ಕೆ ಮಲಗಿಸಿಬಿಡಿ.

ತೋಡುವುದು ಅದರ ಹುಟ್ಟುಗುಣ. ತವರಿನಲ್ಲಿ ಅದು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಹಲವು ಮೀಟರು ಉದ್ದದ ಬಿಲ ಕೊರೆಯುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ಬೇಸಿಗೆಗೆ ಅದು ಸರಿಯಾದರೂ ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗುತ್ತದೆ, ಮೇಲ್ಮಣ್ಣು ಕುಸಿಯುತ್ತದೆ. ಆದ್ದರಿಂದ ಮುಂಗಾರಿಗೆ ಮೊದಲೇ ಆಮೆ ಹೊರಗಿರುವಾಗ ಬಿಲದ ಬಾಯಿ ಮುಚ್ಚಿ, ಅದನ್ನು ಗೂಡಿಗೆ ರೂಢಿ ಮಾಡಿಸಿ.

ಗೂಡು ಆರಡಿ ಉದ್ದ, ನಾಲ್ಕಡಿ ಅಗಲ ಇದ್ದರೆ ಸಾಕು. ಇಟ್ಟಿಗೆಯ ಗೋಡೆ, ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿದ ತಳ, ಹತ್ತಲು ಒರಟಾದ ಇಳಿಜಾರು, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಒಳಗೆ ಒಣಹುಲ್ಲಿನ ಹಾಸು. ಬರಿಯ ತಗಡಿನ ಮಾಡು ಬೇಡ, ಅದು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಸಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯುವುದರಿಂದ ಥರ್ಮೋಸ್ಟಾಟ್ ಇರುವ ಹೀಟರನ್ನು ಆಮೆಗೆ ಎಟುಕದ ಎತ್ತರದಲ್ಲಿ ಕೂರಿಸಿ, ವೈರುಗಳನ್ನು ಪೈಪಿನೊಳಗೆ ಹಾಯಿಸಿ. ಒಣ ಚಳಿಯನ್ನು ಅದು ಸ್ವಲ್ಪ ತಡೆದೀತು. ಚಳಿಯೂ ಒದ್ದೆಯೂ ಸೇರಿದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ ಕಂಡ ದಿನವೇ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡು, ಕರಾವಳಿಗಳಲ್ಲಿ ಇದನ್ನು ಹೊರಗೆ ಸಾಕುವ ಸಾಹಸ ಮಾಡದಿರುವುದೇ ಲೇಸು.

ಆವರಣದಲ್ಲಿ ಒಂದಿಷ್ಟು ನೆರಳು, ಗರಿಕೆ ಬೆಳೆದ ನೆಲ, ನೆಲಮಟ್ಟಕ್ಕೆ ಹೂತ ಆಳವಿಲ್ಲದ ಬಾನಿ ಇರಲಿ. ಬಾನಿಯಲ್ಲಿ ಅದು ಕುಡಿಯುವುದೂ ಹೊಲಸು ಮಾಡುವುದೂ ಒಟ್ಟಿಗೇ ನಡೆಯುವುದರಿಂದ ನೀರನ್ನು ದಿನವೂ ಬದಲಿಸಬೇಕು. ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಆಗಿರಬೇಕು. ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಒಳ್ಳೆಯವು. ಅನ್ನ, ಬ್ರೆಡ್ಡು, ನಾಯಿಯ ಆಹಾರ ಬೇಡ. ಕಣಗಿಲೆ, ಲಂಟಾನಗಳನ್ನು ಬೇರುಸಹಿತ ಕೀಳಿಸಿ.

ಹೊಸ ಗೂಡಿಗೆ ಆಮೆ ತಾನಾಗಿ ಹೋಗುತ್ತದೆಂದು ನಂಬಿ ಕೂರಬೇಡಿ. ಮೊದಲ ಕೆಲವು ವಾರ ಸಂಜೆ ಬಿಸಿಲು ಇಳಿಯುವಾಗ ಒಂದು ಹಿಡಿ ದಾಸವಾಳವನ್ನು ಗೂಡಿನೊಳಗೇ ಇಟ್ಟು ಕರೆದೊಯ್ಯಿರಿ, ಒಳಗೆ ಹೋದ ಮೇಲೆ ಬಾಗಿಲಿಗೆ ಒಂದು ಹಲಗೆ ಅಡ್ಡ ಹಾಕಿ. ಕತ್ತಲಾಗುವ ಮುನ್ನ ಒಮ್ಮೆ ಟಾರ್ಚ್ ಬಿಟ್ಟು ನೋಡಿದರೆ ಅದು ಸಾಮಾನ್ಯವಾಗಿ ಹಿಂಗೋಡೆಯ ಮೂಲೆಗೆ ಮುಖ ಒತ್ತಿಕೊಂಡು, ತೊಡೆಯ ಆ ಶಂಕುಗಳನ್ನು ಬಾಗಿಲ ಕಡೆಗೆ ಮಾಡಿ ಮಲಗಿರುತ್ತದೆ.