ಅಪ್ಪಾಜಿಯ ಮುಖತ್ಯಾರಪತ್ರ ಮನೆಯಲ್ಲೇ ಆಯ್ತು

ಅಪ್ಪಾಜಿಗೆ ಬಲಗಡೆ ಲಕ್ವಾ ಹೊಡೆದ ಮೇಲೆ ಬ್ಯಾಂಕು, ಹೊಲದ ಕಾಗದಪತ್ರ ಎಲ್ಲ ನಿಂತವು. ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಕೊಡುವ ಪತ್ರ, ಅಂದರೆ ಮುಖತ್ಯಾರಪತ್ರ, ಮಾಡಿಸಬೇಕಿತ್ತು; ಆದರೆ ಜಮಖಂಡಿಯ ನೋಂದಣಿ ಕಚೇರಿಗೆ ಕರೆದೊಯ್ಯುವ ಹಾಗಿರಲಿಲ್ಲ. ವಕೀಲರು ದಾರಿ ತೋರಿಸಿದರು: 1908ರ ನೋಂದಣಿ ಕಾಯ್ದೆಯಲ್ಲಿ, ಹಾಸಿಗೆ ಹಿಡಿದವರ ಮನೆಗೇ ಉಪನೋಂದಣಾಧಿಕಾರಿ ಬರಲು ಅವಕಾಶವಿದೆ. ವೈದ್ಯರ ಪ್ರಮಾಣಪತ್ರ ಹಚ್ಚಿ ಅರ್ಜಿ ಕೊಟ್ಟೆವು.

ಬಂದ ಸಾಹೇಬರು ಮಂಚದ ಪಕ್ಕ ಕೂತು, "ಕಾಕಾ, ಅಧಿಕಾರ ಯಾರಿಗೆ ಕೊಡಾಕತ್ತೀರಿ?" ಎಂದರು. ಅಪ್ಪಾಜಿ ತೊದಲುತ್ತಲೇ ನನ್ನ ಹೆಸರು ಹೇಳಿ, ಎಡಗೈ ಹೆಬ್ಬೆಟ್ಟು ಒತ್ತಿದರು.

ದಯವಿಟ್ಟು ಹಿರಿಯರ ಬುದ್ಧಿ ನೆಟ್ಟಗಿರುವಾಗಲೇ ಮಾಡಿಸಿ. ಮುಂದೆ ತಿಳಿವಳಿಕೆಯೇ ಹೋದರೆ ಕರಾರು ಕಾಯ್ದೆಯ 201ನೇ ಕಲಮಿನಂತೆ ಮುಖತ್ಯಾರಪತ್ರ ಬಿದ್ದುಹೋಗುತ್ತದೆ. ಮೃತ್ಯುಪತ್ರವನ್ನೂ (ವಿಲ್) ಇಬ್ಬರು ಸಾಕ್ಷಿಗಳ ಎದುರು ಬರೆಸಿದೆವು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಪಿಂಚಣಿಗೆ ಬೇಕಾದ, ಬದುಕಿದ್ದಾರೆ ಎಂಬ ಜೀವನ್ ಪ್ರಮಾಣ್ ಪತ್ರದ ಕೆಲಸ ನವೆಂಬರಿನಲ್ಲಿ ಮೊಬೈಲಿಗೆ ಮುಖ ತೋರಿಸಿಯೇ ಮುಗಿಯಿತು.